ಪಂಚೆ ದೋಣಿಗಳ ವಾರ

ಚಿನ್ನು, ಹೋದ ಭಾನುವಾರ ನೀನು ಬೇಸಿಗೆಯ ದೋಣಿ ಶಿಬಿರದಿಂದ ಬಂದವಳೇ ಆ ಕಿತ್ತಳೆ ಬಣ್ಣದ ತೇಲುವ ಜಾಕೀಟನ್ನು ಜಗಲಿಯ ಮೇಲೆ ಎಸೆದು ಒಳಗೆ ಓಡಿದೆ. ನಾನು ಅಲ್ಲೇ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದೆ. ಆ ವಾಸನೆ ಬಂತು. ನೀರಲ್ಲಿ ನೆನೆದು, ಚೀಲದಲ್ಲಿ ಮುದುಡಿ, ಸರಿಯಾಗಿ ಒಣಗದ ವಾಸನೆ. ರಬ್ಬರು, ಪಾಚಿ, ಬೆವರು ಮೂರೂ ಕಲೆತದ್ದು. ಇಷ್ಟು ವರ್ಷ ಅದು ನನ್ನ ಮೂಗಿಗೆ ಬಿದ್ದಿರಲಿಲ್ಲ.

ನಿಮ್ಮಮ್ಮ ಅಡುಗೆಮನೆಯಿಂದ ಬಂದಳು. ಕೈ ಒರೆಸಿಕೊಂಡು ಜಾಕೀಟನ್ನು ಎತ್ತಿದಳು. ಪಟ್ಟಿಗಳನ್ನೆಲ್ಲ ಬಿಚ್ಚಿ, ಒಳಮಗ್ಗುಲು ಹೊರಗೆ ಮಾಡಿ, ಬಿಸಿಲಿನ ತಂತಿಗೆ ಹಾಕದೆ ನೆರಳಿನಲ್ಲಿ ಒಂದು ಕೋಲಿಗೆ ತೂಗುಹಾಕಿದಳು. "ಬಿಸ್ಲಿಗಾಕಿದ್ರೆ ಸೀಳು ಬಿಡ್ತದೆ" ಅಂದಳು, ಯಾರಿಗೂ ಹೇಳದವಳ ಹಾಗೆ. ಆಮೇಲೆ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು.

"ಅಜ್ಜಿ, ಅಮ್ಮಂಗೆ ಇದೆಲ್ಲ ಹೆಂಗೆ ಗೊತ್ತು?" ಅಂತ ನೀನು ಕೇಳಿದೆ. ನನಗೆ ಯಾವತ್ತೂ ಬಾಯಿ ತಡವಾಗಿಯೇ ಬರುವುದು. ಚುಂಚನಕಟ್ಟೆಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇದೆ, ಅದರಲ್ಲಿ ಬರೆಯುತ್ತೇನೆ. ನಿನ್ನ ತಮ್ಮ ತೇಜು ದೊಡ್ಡವನಾದ ಮೇಲೆ ಅವನೂ ಓದಲಿ. ಅವನು ಗಂಡುಹುಡುಗ, ಅವನು ಓದಲೇಬೇಕು.

ಕೆ.ಆರ್. ನಗರದ ಆಚೆ, ಕಾವೇರಿಯ ಹಿನ್ನೀರು ಹರಡಿಕೊಂಡಿರುವ ಕಡೆ ನಾನು ಮದುವೆಯಾಗಿ ಹೋದ ಊರು. ನಿಮ್ಮ ತಾತ ಬಿದಿರಿನ ದುಂಡು ತೆಪ್ಪ ಇಟ್ಟುಕೊಂಡಿದ್ದರು. ಮೀನು ಹಿಡಿಯುತ್ತಿದ್ದರು, ಆ ದಡದವರನ್ನು ಈ ದಡಕ್ಕೆ ದಾಟಿಸುತ್ತಿದ್ದರು, ಸ್ವಲ್ಪ ಭತ್ತದ ಗದ್ದೆಯೂ ಇತ್ತು. ತೆಪ್ಪ ಅಂದರೆ ನಮ್ಮ ಮನೆಯಲ್ಲಿ ದೇವರ ಸಾಮಾನಿದ್ದ ಹಾಗೆ. ವರ್ಷಕ್ಕೊಮ್ಮೆ ಗಂಗಮ್ಮನ ಪೂಜೆ ಮಾಡಿ, ಅರಿಸಿನ ಕುಂಕುಮ ಹಚ್ಚಿ ನೀರಿಗೆ ಬಿಡಬೇಕು. ಚಪ್ಪಲಿ ಕಾಲಲ್ಲಿ ಹತ್ತುವ ಹಾಗಿಲ್ಲ. ಅಣ್ಣತಮ್ಮಂದಿರ ಮನೆಯಲ್ಲಿ ಯಾರಾದರೂ ಸತ್ತರೆ ಆ ವಂಶದವರ ತೆಪ್ಪಗಳನ್ನೆಲ್ಲ ದಡದಲ್ಲಿ ಬೋರಲು ಹಾಕುತ್ತಾರೆ. ಹನ್ನೊಂದನೇ ದಿನ ತಿಥಿ ಕಳೆದ ಮೇಲೇ ಎತ್ತುವುದು. ಸೂತಕದವರು ನದಿಯಲ್ಲಿ ಮುಳುಗಿ ಏಳಬಹುದು, ನದಿಯ ಮೇಲೆ ಕೂರಬಾರದು ಅನ್ನುವುದು ಅಲ್ಲಿಯ ಮಾತು.

ತಾತ ಜ್ವರದಲ್ಲಿ ಹೋದರು. ನಿಮ್ಮಮ್ಮ ಸೌಮ್ಯ ಆಗಿನ್ನೂ ಹೈಸ್ಕೂಲು. ಮನೆಯಲ್ಲಿ ಅವಳನ್ನು ಸೋಮಿ ಅನ್ನುತ್ತಿದ್ದೆವು. ಅಲ್ಲಿಂದ ಮುಂದೆ ನಮ್ಮಿಬ್ಬರ ಅನ್ನ, ಬಟ್ಟೆ, ಓದು ಎಲ್ಲವೂ ತಾತನ ಅಣ್ಣನ ಕೈಗೆ ಹೋಯಿತು. ಅವರನ್ನು ನಾನು ಬಾವ ಅನ್ನಬೇಕು. ಬಾವನ ಹೆಸರು ಹೆಂಗಸರು ಹೇಳುವುದಿಲ್ಲ. ಅವರ ಎದುರಿಗೆ ನಾನು ನಿಂತವಳೂ ಅಲ್ಲ. ಏನು ಹೇಳುವುದಿದ್ದರೂ ಬಾಗಿಲ ಹಿಂದಿನಿಂದ, ಅಥವಾ ಅವರ ಮಗ ಮಹೇಶನ ಮೂಲಕ.

ಅದೇ ಕಾಲಕ್ಕೆ ಪಟ್ಟಣದವರ ಒಂದು ಹಾಯಿದೋಣಿ ಕ್ಲಬ್ಬು ನಮ್ಮ ದಡಕ್ಕೆ ಬಂದು ಶೆಡ್ಡು ಹಾಕಿತು. ಭಾನುವಾರ ಊರ ಮಕ್ಕಳಿಗೂ ಕಲಿಸುತ್ತೇವೆ ಅಂದರು. ಸುಮಾರು ಮಕ್ಕಳು ಹೋದವು, ಬಿಸ್ಕತ್ತು ಮುಗಿದ ಮೇಲೆ ಬಿಟ್ಟವು. ಸೋಮಿ ಬಿಡಲಿಲ್ಲ. ಅವಳಿಗೆ ಅಪ್ಪನ ಕಣ್ಣಿತ್ತು. ನೀರಿನ ಮೇಲೆ ಸುಕ್ಕು ಓಡಿ ಬಂದರೆ ಗಾಳಿ ಎತ್ತಣಿಂದ ಅಂತ ತಟ್ಟನೆ ಹೇಳುವಳು. ಕಲಿಸುತ್ತಿದ್ದವರು ಕೊಡಗಿನವರು, ಪೊನ್ನಪ್ಪ ಸರ್. ಒಳ್ಳೆಯ ಮನುಷ್ಯ. ಇದನ್ನು ನಾನು ಕೊನೆಯವರೆಗೂ ಹೇಳುತ್ತೇನೆ, ಅವರು ಒಳ್ಳೆಯ ಮನುಷ್ಯ.

ಸೋಮಿ ಎರಡನೇ ಪಿಯುಸಿಯಲ್ಲಿದ್ದ ವರ್ಷ ಕ್ಲಬ್ಬಿನವರು ಒಂದು ವಾರದ ದೊಡ್ಡ ಪಂದ್ಯ ಇಟ್ಟರು. ಮಳೆ ಮುಗಿದು ಹಿನ್ನೀರು ತುಂಬಿತ್ತು. ಭತ್ತದ ಕುಯ್ಲು, ಅವರೆಕಾಯಿಯ ಕಾಲ. ಬೆಳಿಗ್ಗೆ ನೀರಿನ ಮೇಲೆ ಮಂಜು ಕೂತಿರುತ್ತಿತ್ತು, ಹೊತ್ತೇರಿದ ಮೇಲೆ ಮೂಡಗಾಳಿ ಏಳುತ್ತಿತ್ತು. ಪೊನ್ನಪ್ಪ ಸರ್ ನಮ್ಮ ಜಗಲಿಗೆ ಬಂದು ಬಾವನವರ ಎದುರು ಕೂತು ಹೇಳಿದರು. "ದಿನಾ ಒಂದು ಓಟ ಉಂಟು. ಏಳು ದಿನದ್ದೂ ಕೂಡಿಸ್ತೇವೆ. ಹುಡುಗಿಯರಲ್ಲಿ ಮೊದಲ ಮೂವರನ್ನ ಕ್ಲಬ್ಬೇ ಮೈಸೂರಿಗೆ ಕರ್ಕೊಂಡು ಹೋಗ್ತದೆ. ಹಾಸ್ಟೆಲು, ಡಿಗ್ರಿ ಓದು, ತರಬೇತಿ ಎಲ್ಲ ನಮ್ಮದು. ನಿಮ್ಮ ಹುಡುಗಿಗೆ ಆಗ್ತದೆ."

ಬಾವ ಆಗಲೇ ಬೇಸಿಗೆಗೆ ಸೋಮಿಯ ಮದುವೆ ಮಾಡಬೇಕು ಅಂತ ಗಂಡು ನೋಡುತ್ತಿದ್ದರು. ಎಲೆ ಅಡಿಕೆ ಹಾಕಿಕೊಂಡು ಸುಣ್ಣದ ಬೆರಳನ್ನು ಕಂಬಕ್ಕೆ ಒರೆಸಿದರು. ಜಗಲಿಯಲ್ಲಿ ನಾಕು ಜನ ಇದ್ದರಲ್ಲ, ಇಲ್ಲ ಅಂದರೆ ಸಣ್ಣವರಾಗುತ್ತಾರೆ. "ಆಯ್ತು ಬುಡಿ. ಗೆದ್ರೆ ಓಗ್ಲಿ. ಸೋತ್ರೆ ವೈಶಾಖದಲ್ಲಿ ಮದ್ವೆ" ಅಂದರು. ಬಾಗಿಲ ಹಿಂದೆ ಸೋಮಿ ನನ್ನ ಕೈ ಹಿಂಡಿದ್ದು ಈಗಲೂ ಮಣಿಕಟ್ಟಿನಲ್ಲಿದೆ.

ಪಂದ್ಯಕ್ಕೆ ಊರಿಂದ ವಾಲಂಟಿಯರ್ ಬೇಕು ಅಂದರು. ಅವಳ ಹತ್ತಿರವೇ ಇರಬಹುದಲ್ಲ ಅಂತ ನಾನು ಹೋದೆ. ಅವರು ಕೊಟ್ಟ ಹಸಿರು ಟೀಶರ್ಟನ್ನು ಸೀರೆಯ ಮೇಲೇ ಹಾಕಿಕೊಂಡು ಬೀದಿಯಲ್ಲಿ ಹೊರಟರೆ ಎದುರು ಮನೆಯ ಜಯಮ್ಮ ಕಣದಲ್ಲಿ ಭತ್ತ ತೂರುತ್ತಿದ್ದವಳು ಮೊರ ಕೆಳಗಿಟ್ಟಳು.

"ಏನಕ್ಕ, ಕಬಡ್ಡಿಗೆ ಒಂಟ್ಯಾ?"

"ಸುಮ್ಕಿರೇ, ಸೇವೆ ಕಣೆ ಇದು."

"ಸೇವೇನಾ? ಬೆನ್ನ ಮ್ಯಾಲೆ ಏನೋ ಇಂಗ್ಲೀಸಲ್ಲಿ ಬರ್ದವ್ರೆ, ಓದ್ಸಿಕೊಂಡು ಆಮೇಲೆ ಓಗು. ಮಾರಾಟಕ್ಕಿದೆ ಅಂತ ಇದ್ದಾತು!"

ನಾನು ನಕ್ಕಿದ್ದೆ ಚಿನ್ನು. ಆ ವಾರ ನಾನು ತುಂಬ ನಕ್ಕಿದ್ದೆ.

ನನಗೆ ಕೊಟ್ಟ ಕೆಲಸ ಬಿಲ್ಲೆಗಳ ಹಲಗೆ ನೋಡಿಕೊಳ್ಳುವುದು. ಒಂದು ದೊಡ್ಡ ಹಲಗೆ, ಅದರ ತುಂಬ ಮೊಳೆ, ಒಂದೊಂದು ಮೊಳೆಗೂ ನಂಬರಿನ ಒಂದು ಬಿಲ್ಲೆ. ನೀರಿಗೆ ಇಳಿಯುವವರು ತಮ್ಮ ಬಿಲ್ಲೆ ತೆಗೆದು ಕುತ್ತಿಗೆಗೆ ಹಾಕಿಕೊಂಡು ಹೋಗಬೇಕು, ಬಂದ ಮೇಲೆ ವಾಪಸು ಮೊಳೆಗೆ ತೂಗುಹಾಕಬೇಕು. ಮೊಳೆ ಖಾಲಿ ಇದೆ ಅಂದರೆ ಆ ಮಗು ಇನ್ನೂ ನೀರಿನಲ್ಲಿದೆ ಅಂತ. ಅದು ತುಂಬುವವರೆಗೂ ನಾನು ಕದಲಬಾರದು. ಗಂಡ ತೆಪ್ಪದಲ್ಲಿ ಹೋದಾಗೆಲ್ಲ ದಡ ನೋಡುತ್ತ ಕೂತವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸೋಮಿಯದು ಹದಿನೇಳನೇ ನಂಬರು.

ಮೊದಲ ದಿನ ಕಾವೇರಿಗೆ ಬಾಗಿನ ಬಿಟ್ಟರು. ಕ್ಲಬ್ಬಿನ ಮೇಡಂ ಒಬ್ಬರು, ಮೊರ ಹಿಡಿಯಲು ಬನ್ನಿ ಅಂತ ನನ್ನನ್ನು ಕರೆದರು. ನಾನು ತಲೆ ಅಲ್ಲಾಡಿಸಿ ಹಿಂದೆ ಸರಿದೆ. ನನ್ನ ಬೋಳು ಹಣೆ ಅವರಿಗೆ ಕಾಣಲಿಲ್ಲ, ಊರಿನವರಿಗೆ ಕಂಡಿತು. ಅದೇನೂ ನನಗೆ ಹೊಸದಲ್ಲ. ಅವತ್ತು ನೋವೂ ಆಗಲಿಲ್ಲ, ನನ್ನ ಕಣ್ಣೆಲ್ಲ ಹದಿನೇಳನೇ ಮೊಳೆಯ ಮೇಲಿತ್ತು.

ದಡದ ಹೊಂಗೆ ಮರದ ಕೆಳಗೆ ದೊಡ್ಡಯ್ಯ ಬಂದು ಕೂರುತ್ತಿದ್ದರು. ನಿಮ್ಮ ತಾತನ ದೊಡ್ಡಪ್ಪ, ಹಣ್ಣು ಹಣ್ಣು ಮುದುಕರು. ಆ ಕಾಲಕ್ಕೆ ತೆಪ್ಪ ಹಾಕುವುದರಲ್ಲಿ ಸಾಲಿಗ್ರಾಮದವರೆಗೂ ಹೆಸರಿದ್ದವರು. ಈಗ ಕಣ್ಣು ಮಂಜು. ಅವರಿಗೆ ಹಾಯಿಗಳು ಒಣಹಾಕಿದ ಪಂಚೆಗಳ ಹಾಗೆ ಕಾಣುತ್ತಿದ್ದವು.

"ಸೋಮಿ, ಇದ್ರಲ್ಲಿ ನಿನ್ ಪಂಚೆ ಯಾವ್ದವ್ವ?"

"ಆ ತುದೀದು ತಾತ, ಮುಂದಿರೋದು."

"ಎಲ್ಲಾ ಒಂದೇ ಅಂಗವೆ. ಅಗಸರ ಅಳ್ಳಿ ಇದ್ದಂಗದೆ." ಆಮೇಲೆ ಕೋಲು ಎತ್ತಿ, "ಗಾಳಿ ಮುಂದುಗಡೆಯಿಂದ ಬತ್ತಾ ಇದ್ರೂ ಮುಂದುಕ್ಕೇ ಓಯ್ತದಲ್ಲ, ಅದೆಂಗ್ಲಾ?" ಅಂತ ಮಹೇಶನನ್ನು ಕೇಳುವರು.

ಮಹೇಶ ಕ್ಲಬ್ಬಿನ ಮೋಟಾರು ದೋಣಿ ಓಡಿಸುವ ಕೆಲಸಕ್ಕೆ ಸೇರಿದ್ದ. ಮಗುಚಿದವರನ್ನು ಎತ್ತುವ ದೋಣಿ. ಅದು ನೀರಲ್ಲಿರದೆ ಓಟ ಶುರು ಮಾಡುವ ಹಾಗಿರಲಿಲ್ಲ. "ಸೋಮಿ ಅಡ್ಡಡ್ಡ ಓಗ್ತಾಳೆ ದೊಡ್ಡಯ್ಯ, ನಮ್ಮನೆ ಎತ್ತು ಗೆಯ್ಯಕ್ಕೆ ಓದಂಗೆ" ಅಂದ. ದೊಡ್ಡಯ್ಯ ಹಲ್ಲಿಲ್ಲದ ಬಾಯಲ್ಲಿ ನಕ್ಕದ್ದೇ ನಕ್ಕದ್ದು.

ದಿನ ಕಳೆದ ಹಾಗೆ ಸೋಮಿಯ ಮುಖ ಬಿಸಿಲಿಗೆ ಕಪ್ಪಾಯಿತು, ಅಂಗೈ ಹಗ್ಗಕ್ಕೆ ಸುಲಿಯಿತು. ಮನೆಗೆ ಬಂದು ಅವರೆಕಾಳು ಸಾರಿನಲ್ಲಿ ಕೈ ಅದ್ದಿದರೆ ಉರಿ ಅಂತ ಚಮಚದಲ್ಲಿ ತಿನ್ನುತ್ತಿದ್ದಳು. ಒಂದು ದಿನ ಗಾಳಿ ಜೋರಾಗಿ ಅರ್ಧ ಜನ ಮಗುಚಿಕೊಂಡರು, ಇವಳು ಎಲ್ಲರಿಗಿಂತ ಮೊದಲು ಬಂದಳು. ಆರನೇ ದಿನದ ಓಟ ಮುಗಿದಾಗ ಹುಡುಗಿಯರಲ್ಲಿ ಎರಡನೆಯವಳು. ಪೊನ್ನಪ್ಪ ಸರ್ ಹಲಗೆಯ ಹತ್ತಿರ ಬಂದು ನನಗೇ ಹೇಳಿದರು. "ನಾಳೆ ಗೆಲ್ಲಬೇಕಂತಿಲ್ಲ ಅಮ್ಮ. ಸುಮ್ಮನೆ ಒಂದು ಸುತ್ತು ಹೋಗಿಬಂದರೂ ಸಾಕು. ನೀರಿಗೆ ಇಳಿಯದಿದ್ದರೆ ಮಾತ್ರ ಹೋಯ್ತು, ಆ ದಿನಕ್ಕೆ ಕೊನೆಯವರಿಗಿಂತ ಕಮ್ಮಿ ಅಂಕ ಸಿಗ್ತದೆ, ಮೊದಲ ಮೂವರಲ್ಲಿ ಉಳಿಯೋದಿಲ್ಲ."

ಅವತ್ತು ದೀಪ ಹಚ್ಚುವ ಹೊತ್ತಿಗೆ ದೊಡ್ಡಯ್ಯ ಹೋದರು. ಕಾಫಿ ಕೊಡಲು ಹೋದವರು ನೋಡಿದರು, ಗೋಡೆಗೆ ಒರಗಿ ಕೂತ ಹಾಗೇ ಇದ್ದರಂತೆ.

ಬೆಳಿಗ್ಗೆ ಎಳೆ ಬಿಸಿಲಿನಲ್ಲೇ ಅವರ ಹೊಲದಲ್ಲಿ ಮಣ್ಣು ಮಾಡಿದರು. ಎಲ್ಲರೂ ನದಿಯಲ್ಲಿ ಮುಳುಗಿ ಎದ್ದರು. ಬಾವನ ತೆಪ್ಪ, ನಿಮ್ಮ ತಾತನ ಹಳೆಯ ತೆಪ್ಪ, ಎರಡನ್ನೂ ಬೋರಲು ಹಾಕಿದರು. ಮಂಜು ಕರಗಿ ಮೂಡಗಾಳಿ ಏಳುತ್ತಿತ್ತು. ಓಟಕ್ಕೆ ಇನ್ನೂ ಹೊತ್ತಿತ್ತು. ಮನೆಗೆ ಬಂದ ಮೇಲೆ ಸೋಮಿ ಒದ್ದೆ ಕೂದಲಲ್ಲಿ ನನ್ನ ಮುಖವನ್ನೇ ನೋಡುತ್ತಿದ್ದಳು.

ನಾನು ಬಾಗಿಲ ಹಿಂದಿನಿಂದ ಈಚೆಗೆ ಬಂದೆ. ಬಾವ ಜಗಲಿಯಲ್ಲಿ ದಾಯಾದಿಗಳ ನಡುವೆ ಕೂತಿದ್ದರು.

"ಬಾವ, ಸೋಮಿ ಇವತ್ತೊಂದು ದಿನ ಓಗಿಬರ್ಲಿ" ಅಂದೆ.

ಅವರು ನನ್ನ ಕಡೆ ತಿರುಗಲಿಲ್ಲ. ಗಂಡಸರಿಗೆ ಹೇಳಿದರು. "ಕೇಳುದ್ರಾ? ಮಣ್ಣಾಕಿ ಬಂದ ಕೈ ಇನ್ನೂ ಆರಿಲ್ಲ. ಇವ್ರಿಗೆ ಪಂದ್ಯ ಬೇಕಂತೆ."

"ನೀವೇ ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ. ಸಾವ್ನ ನಾನು ಕರ್ದ್ನಾ? ಸೂತಕದ ಕಾಲು ತೆಪ್ಪಕ್ಕೆ ತಾಗಬಾರ್ದು. ನಮ್ಮವ್ವ ಸತ್ತಾಗ ನಿನ್ ಗಂಡ ತಿಥಿಗಂಟ ತೆಪ್ಪ ಮುಟ್ಲಿಲ್ಲ, ಮೀನಿಲ್ದೆ ಗಂಜಿ ಕುಡ್ಕೊಂಡಿದ್ದ. ಮರ್ತೋಯ್ತಾ?"

ಮರೆತಿರಲಿಲ್ಲ. ಅದು ನಿಜವೇ. ನಿಜ ಹೇಳಿ ಬಾಯಿ ಮುಚ್ಚಿಸುವವರ ಮುಂದೆ ಏನು ಮಾತಾಡುವುದು? "ದೊಡ್ಡಯ್ಯಂಗೂ ಅವ್ಳು ಓಗೋದು ಇಷ್ಟ ಇತ್ತು" ಅಂದೆ. ಯಾರೋ ಒಬ್ಬರು ಅಯ್ಯೋ ಅಂದರು. ಇನ್ನೊಬ್ಬರು, "ಒಳೀಕೋಗವ್ವ, ಗಂಡಸರು ಕುಂತವ್ರೆ" ಅಂದರು. ಅಷ್ಟೇ.

ನಾನು ಒಳಗೆ ಹೋಗಲಿಲ್ಲ. ಸೋಮಿಯ ಕೈ ಹಿಡಿದುಕೊಂಡು ನೇರ ದಡಕ್ಕೆ ಹೋದೆ. ಬಾವನವರಿಗೆ ಪೊನ್ನಪ್ಪ ಸರ್ ಅಂದರೆ ಗೌರವ, ಅವರು ಒಂದು ಮಾತು ಹೇಳಿದರೆ ಕೇಳಿಯಾರು ಅಂತ. ಅವರು ಟೋಪಿ ತೆಗೆದರು.

"ಗೊತ್ತಾಯ್ತು ಅಮ್ಮ. ಬಹಳ ಬೇಜಾರಾಯ್ತು."

"ನಮ್ಮ ಬಾವನವ್ರಿಗೆ ನೀವು ಒಂದು ಮಾತು ಹೇಳಿ ಸರ್. ಮಣ್ಣಾಗಿ ಆಯ್ತು. ಒಂದು ಸುತ್ತು ಓಗಿಬರ್ತಾಳೆ."

"ಸಾವಿನ ವಿಷಯ ಅಲ್ವಾ ಅಮ್ಮ. ನಮ್ಮ ಕಡೆಯೂ ಹೀಗೇ ಉಂಟು. ಹೊರಗಿನವನು ನಾನು ಬಾಯಿ ಹಾಕಿದ್ರೆ ತಪ್ಪಾಗ್ತದೆ. ನಿಮ್ಮ ಸಂಪ್ರದಾಯಕ್ಕೆ ನಾವು ಗೌರವ ಕೊಡಬೇಕು." ಸೋಮಿಯ ತಲೆ ನೇವರಿಸಿದರು. "ಮುಂದಿನ ವರ್ಷ ಉಂಟಲ್ಲ ಮಗಳೇ."

ಅವರ ಕಣ್ಣಲ್ಲಿ ನೀರಿತ್ತು. ಅದನ್ನೂ ನಾನು ನೋಡಿದೆ.

ಮನೆಗೆ ವಾಪಸು ಹೋಗಲು ಕಾಲು ಬರಲಿಲ್ಲ. ಹಲಗೆಯ ಹತ್ತಿರ ನಿಂತೆ. ಬೇರೆಯವರ ಮಕ್ಕಳು ನೀರಿಗೆ ಇಳಿಯುವವರಿದ್ದರು, ಲೆಕ್ಕ ಇಡಲು ಯಾರಾದರೂ ಬೇಕಲ್ಲ. ಸೋಮಿ ಜಾಕೀಟುಗಳನ್ನು ಒಂದೊಂದಾಗಿ ತೆಗೆದು ಹುಡುಗರಿಗೆ ಕೊಡುತ್ತಿದ್ದಳು. ಅವಳ ಹಾಯಿದೋಣಿಯನ್ನು ಯಾರೋ ಆಗಲೇ ಮರಳಿನ ಮೇಲೆ ಬೋರಲು ಹಾಕಿದ್ದರು.

ಆಗ ಕ್ಲಬ್ಬಿನವರಲ್ಲಿ ಗಡಿಬಿಡಿ ಶುರುವಾಯಿತು. ಮೋಟಾರು ದೋಣಿಗೆ ಮಹೇಶ ಬಂದಿಲ್ಲ. ಮೇಡಂ ಫೋನು ಹಿಡಿದುಕೊಂಡು ಅತ್ತ ಇತ್ತ ಓಡಾಡಿದರು. ಬೇರೆ ಯಾರಿಗೂ ಅದನ್ನು ಓಡಿಸಲು ಬರುತ್ತಿರಲಿಲ್ಲ. ಪೊನ್ನಪ್ಪ ಸರ್ ಜೀಪು ಹತ್ತಿ ಊರ ಕಡೆಗೆ ಹೋದರು. ಎಲೆ ಅಡಿಕೆ ಹಾಕಿ ಉಗಿಯುವಷ್ಟು ಹೊತ್ತಿನಲ್ಲಿ ಜೀಪು ವಾಪಸು ಬಂತು. ಮುಂದಿನ ಸೀಟಿನಲ್ಲಿ ಮಹೇಶ. ಮಣ್ಣಿಗೆ ಹೆಗಲು ಕೊಟ್ಟವನು, ತಲೆ ಇನ್ನೂ ಒದ್ದೆ, ಹೆಗಲ ಮೇಲೆ ಅದೇ ಟವೆಲು.

"ಏನ್ಲಾ ಮಹೇಶ," ನಾನು ಕೇಳಿದೆ, "ನಿಂಗೆ ಸೂತಕ ಇಲ್ವಾ?"

ಅವನು ನೆಲ ನೋಡಿದ. "ಅಪ್ಪ ಹೇಳ್ತು ಚಿಕ್ಕವ್ವ. ಒಟ್ಟೆಪಾಡಿನ ಕೆಲಸಕ್ಕೆ ಸೂತಕ ಇಲ್ವಂತೆ. ಅದೂ ಅಲ್ದೆ ಇದು ಮೋಟಾರು, ತೆಪ್ಪ ಅಲ್ವಂತೆ."

"ಮೋಟಾರು ರಸ್ತೇಲಿ ಓಗ್ತದಾ ಅಣ್ಣ?" ಅಂದಳು ಸೋಮಿ. ಅವತ್ತು ಬೆಳಿಗ್ಗೆಯಿಂದ ಅವಳು ಆಡಿದ ಮೊದಲ ಮಾತು ಅದು. ಮಹೇಶ ಚಪ್ಪಲಿ ಬಿಟ್ಟು, ದೋಣಿಯ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹತ್ತಿದ. ಮೋಟಾರಿಗೆ ಗಂಗಮ್ಮ ಇಲ್ಲದಿದ್ದರೆ ಯಾಕೆ ಮುಟ್ಟಿ ನಮಸ್ಕರಿಸಿದ ಅಂತ ಕೇಳಲು ಬಾಯಿಗೆ ಬಂತು. ಅವನೂ ಅಪ್ಪನ ಕೈಕೆಳಗಿನ ಹುಡುಗ, ಬಿಟ್ಟೆ.

ಪೊನ್ನಪ್ಪ ಸರ್ ಹತ್ತಿರ ಮತ್ತೆ ಹೋದೆ. ನನ್ನ ಜೀವಮಾನದಲ್ಲಿ ಒಂದೇ ದಿನ ಅಷ್ಟು ಮಾತಾಡಿದವಳಲ್ಲ. "ಅವನಿಗೋಸ್ಕರ ಮನೆವರೆಗೂ ಓಗಿ ಕೇಳಿದ್ರಿ ಸರ್. ಅಲ್ಲೇ ಇವಳಿಗೋಸ್ಕರಾನೂ ಒಂದು ಮಾತು ಕೇಳಬೋದಿತ್ತಲ್ಲ."

ಅವರು ಗಡಿಯಾರ ನೋಡಿದರು. "ರಕ್ಷಣೆ ದೋಣಿ ಇಲ್ಲದೆ ಆಗೋದಿಲ್ಲ ಅಮ್ಮ, ಮಕ್ಕಳ ಜೀವದ ಪ್ರಶ್ನೆ." ಆಮೇಲೆ ಸಣ್ಣ ದನಿಯಲ್ಲಿ, "ಗಾಳಿ ಬಿದ್ದುಹೋಗ್ತದೆ, ಶುರು ಮಾಡಬೇಕು" ಅಂದು ಹೊರಟುಹೋದರು.

ಬಾಯಿ ಹಾಕಿದರೆ ತಪ್ಪಾಗುವ ಸಾವಿನ ಮನೆಗೆ ಜೀಪಿನಲ್ಲಿ ಹೋಗಿ ಬಂದಿದ್ದರು. ಬೇಕಾದದ್ದನ್ನು ಕೇಳಿದ್ದರು, ಸಿಕ್ಕಿತ್ತು. ಬಾವನಿಗೂ ಬೇಕಾದದ್ದು ಸಿಕ್ಕಿತ್ತು, ಸುಳ್ಳು ಕೂಡ ಹೇಳಬೇಕಾಗಿ ಬರಲಿಲ್ಲ. ಸೂತಕ ಅನ್ನುವುದು ಗಟ್ಟಿ ಗೋಡೆ ಅಂತ ನಾನು ಅಲ್ಲಿಯವರೆಗೂ ನಂಬಿದ್ದೆ. ಅದಕ್ಕೆ ಬಾಗಿಲಿತ್ತು. ಗಂಡಸರು ತೆಗೆದರೆ ತೆರೆದುಕೊಳ್ಳುತ್ತಿತ್ತು.

ಒಬ್ಬೊಬ್ಬರೇ ಬಂದು ಬಿಲ್ಲೆ ತೆಗೆದುಕೊಂಡರು. ಹಲಗೆ ಖಾಲಿಯಾಯಿತು. ಹದಿನೇಳು ಒಂದೇ ಉಳಿದು ಗಾಳಿಗೆ ಟಿಕ್ ಟಿಕ್ ಅಂತ ಹಲಗೆಗೆ ಬಡಿಯುತ್ತಿತ್ತು. ನಾನು ಅದನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡೆ. ದೂರದಲ್ಲಿ ಪಂಚೆಗಳೆಲ್ಲ ಒಟ್ಟಿಗೆ ವಾಲಿದವು. ಹೊಂಗೆ ಮರದ ಕೆಳಗೆ ಯಾರೂ ಇರಲಿಲ್ಲ.

ಸಂಜೆ ಬಹುಮಾನ ಕೊಟ್ಟರು. ಸೋಮಿಗಿಂತ ಕೆಳಗಿದ್ದ ಹುಡುಗಿಯೊಬ್ಬಳು ಮೇಲೆ ಬಂದಳು, ಪಾಪ, ಅವಳದೇನೂ ತಪ್ಪಿಲ್ಲ. ಕೊನೆಗೆ ಮೇಡಂ ಮೈಕಿನಲ್ಲಿ ನನ್ನನ್ನು ಕರೆದರು. "ಮನೆಯಲ್ಲಿ ಸಾವಾಗಿದ್ದರೂ ಸೇವೆ ಬಿಡದೆ ಬಂದ ತಾಯಿ" ಅಂದರು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಕೈಗೊಂದು ಕಟ್ಟು ಹಾಕಿದ ಪತ್ರ ಕೊಟ್ಟು ಫೋಟೋ ತೆಗೆದರು. ಆ ಚಪ್ಪಾಳೆಯಷ್ಟು ಕೆಟ್ಟ ಸದ್ದು ನಾನು ಇನ್ನೊಂದು ಕೇಳಿಲ್ಲ. ಆ ಪತ್ರವನ್ನು ಮಾರನೆಯ ದಿನ ನೀರೊಲೆಗೆ ಹಾಕಿದೆ, ಗಾಜು ಚಟಚಟ ಅಂದಿತು.

ಮುಂದಿನ ವರ್ಷ ಅನ್ನುವುದು ಬರಲಿಲ್ಲ. ಮಳೆ ಕಮ್ಮಿಯಾಗಿ ಹಿನ್ನೀರು ಹಿಂದೆ ಸರಿಯಿತು, ಕ್ಲಬ್ಬಿನವರು ಶೆಡ್ಡು ಕಿತ್ತುಕೊಂಡು ಬೇರೆ ದಡಕ್ಕೆ ಹೋದರು. ಅಷ್ಟರಲ್ಲಿ ವೈಶಾಖದಲ್ಲಿ ನಿಮ್ಮಮ್ಮನ ಮದುವೆ ಆಗಿತ್ತು. ನಿಮ್ಮಪ್ಪ ಒಳ್ಳೆಯವನು. ಹುಣಸೂರಿಗೆ ಬಂದ ಮೇಲೆ ನನ್ನನ್ನೂ ಕರೆದುಕೊಂಡು ಬಂದು ಇಟ್ಟುಕೊಂಡಿದ್ದಾನೆ. ಅದು ಬೇರೆ ಮಾತು. ಅಳಿಯ ಒಳ್ಳೆಯವನು ಅಂತ ಆ ದಿನ ಒಳ್ಳೆಯದಾಗುವುದಿಲ್ಲ. ನಿಮ್ಮಮ್ಮ ಡಿಗ್ರಿ ಓದಲಿಲ್ಲ. ಬಸ್ಸು ಸೇತುವೆ ದಾಟುವಾಗ ಎಲ್ಲರೂ ಕಿಟಕಿಯಲ್ಲಿ ನೀರು ನೋಡಿದರೆ ಅವಳು ಚೀಲದಲ್ಲಿ ಏನೋ ಹುಡುಕುತ್ತಾಳೆ. ನೀನು ಗಮನಿಸಿರಬಹುದು.

ಬಾವ ತೀರಿಕೊಂಡಾಗ ನಾವು ಊರಿಗೆ ಹೋಗಿದ್ದೆವು. ಮದುವೆಯಾದ ಹೆಣ್ಣುಮಕ್ಕಳಿಗೆ ಮೂರು ದಿನ ಸಾಕು ಅಂತ ಎಲ್ಲರೂ ಹೇಳಿದರೂ ನಿಮ್ಮಮ್ಮ ತಿಥಿಯವರೆಗೂ ಅಲ್ಲೇ ಇದ್ದು ಪೂರ್ತಿ ಸೂತಕ ಹಿಡಿದಳು. ತಲೆಗೆ ಎಣ್ಣೆ ಮುಟ್ಟಿಸಲಿಲ್ಲ, ಹಾಲು ಮುಟ್ಟಲಿಲ್ಲ. ಊರೆಲ್ಲ ಹೊಗಳಿತು, ಎಂಥ ಮಗಳು ಅಂತ. ಯಾಕವ್ವ ಇಷ್ಟು ಅಂತ ನಾನು ಕೇಳಿದೆ. "ಅವ್ರಿಗೆ ಬೇಕಾಗಿದ್ದು ಇದೇ ಅಲ್ವಾ. ತಗೊಳ್ಲಿ" ಅಂದಳು. ಅವಳ ಒಳಗೆ ಏನಿತ್ತೋ, ನನಗೆ ಅವತ್ತು ಮಗಳನ್ನು ನೋಡಿ ಭಯವಾಯಿತು.

ಚಿನ್ನು, ನಿನ್ನ ಶಿಬಿರದ ಓಟ ಮುಂದಿನ ತಿಂಗಳು ಅಂದೆ. ನನ್ನ ಎದೆಯ ವಿಷಯ ಡಾಕ್ಟರು ನಿಮ್ಮಪ್ಪನಿಗೆ ಏನು ಹೇಳಿದರು ಅಂತ ನನಗೆ ಗೊತ್ತು, ಮೆಲ್ಲಗೆ ಮಾತಾಡಿಕೊಂಡರೂ ಕಿವಿ ಚೆನ್ನಾಗಿದೆ. ಮಗಳ ಮಕ್ಕಳಿಗೂ ಅಜ್ಜಿಯ ಸೂತಕ ಉಂಟು ಅಂತ ನಿನ್ನ ಓಟದ ದಿನವೇ ಯಾರಾದರೂ ನೆನಪಿಸಿಯಾರು. ತೇಜುವಿಗೆ ಪರೀಕ್ಷೆ ಇದ್ದರೆ, ಪರವಾಗಿಲ್ಲ ಹೋಗಿ ಬರಲಿ ಅನ್ನುತ್ತಾರೆ, ನೋಡುತ್ತಿರು. ಅದಕ್ಕೇ ಈಗಲೇ, ಬದುಕಿರುವಾಗಲೇ, ನನ್ನ ಕೈಯಾರೆ ಬರೆಯುತ್ತಿದ್ದೇನೆ. ನಿಮ್ಮಮ್ಮನಿಗೂ ಓದಿ ಹೇಳಿದೆ. ಅವಳು ಎದ್ದು ಹೋಗಿ ನಿನ್ನ ಜಾಕೀಟಿನ ಸಡಿಲ ಪಟ್ಟಿಗೆ ಎರಡು ಹೊಲಿಗೆ ಹಾಕಿದಳು.

ಅವತ್ತು ನಾನು ಹೋದರೂ ನೀನು ನಿಲ್ಲಬೇಡ. ಬಿಲ್ಲೆ ತಗೊಂಡು ನೀರಿಗೆ ಇಳಿ. ಸುತ್ತಿ ಬಂದು ಅದನ್ನು ಮೊಳೆಗೆ ತೂಗುಹಾಕು. ಆಮೇಲೆ ಬಂದು ನನಗೆ ಮಣ್ಣು ಹಾಕು.